ತಿದ್ದಿಕೊಡು ಎಂದು ಬಂದ ಸಾಲು

ನಮ್ಮೂರಿನ ಕಾಂತಯ್ಯನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಹಲಗೆ ತೂಗುಹಾಕಿದೆ. ಅದರ ಮೇಲೆ ಬೆಲ್ಲ, ಅಕ್ಕಿ, ಸೂಜಿ, ಕೊಡ, ಬಾಳೆಗೊನೆ, ಸೀಗೆಕಾಯಿ ಎಂದು ಎಪ್ಪತ್ತೆಂಬತ್ತು ಚಿತ್ರಗಳಿವೆ. ಗಿರಾಕಿ ಮಾತಿನ ನಡುವೆ ತಡೆದು ನಿಂತರೆ ಕಾಂತಯ್ಯ ಏನೂ ಕೇಳುವುದಿಲ್ಲ. ಪಕ್ಕಕ್ಕೆ ಸರಿದು ಹಲಗೆ ಕಾಣುವಂತೆ ನಿಲ್ಲುತ್ತಾನೆ. ಗಿರಾಕಿ ಬೆರಳು ತೋರಿಸುತ್ತಾನೆ, ಅವನು ಕಟ್ಟಿಕೊಡುತ್ತಾನೆ. ಹಿಂದೆ ನಿಂತವರು ಅಷ್ಟು ಹೊತ್ತು ರಸ್ತೆಯ ಕಡೆ ನೋಡುತ್ತಿರುತ್ತಾರೆ. ಅದು ಊರಿನ ಮರ್ಯಾದೆ. ನಾನೂ ಸಾರಿಗೆ ಹಾಕುವ ಬಿಳಿ ಹರಳನ್ನು ಹನ್ನೊಂದು ವರ್ಷದಿಂದ ಹಾಗೆಯೇ ತರುತ್ತಿದ್ದೇನೆ.

ಇಲ್ಲಿ ಕೂಲಿ ಕೈಗೆ ಬರುವುದಿಲ್ಲ. ಫೋನಿನೊಳಗಿನ ವಾಲೆಟ್ಟಿಗೆ ಬರುತ್ತದೆ, ಕ್ರಿಪ್ಟೊ ನಾಣ್ಯವಾಗಿ. ಆ ನಾಣ್ಯವನ್ನು ಯಾರೂ ಕಣ್ಣಲ್ಲಿ ನೋಡಿಲ್ಲ, ಆದರೂ ಅದರಿಂದಲೇ ಅಕ್ಕಿ ಬರುತ್ತದೆ, ಮದುವೆ ಆಗುತ್ತದೆ. ವಾಲೆಟ್ಟು ಮಾಡಿಸಿದ ದಿನ ಅದು ನಮಗೆ ಹನ್ನೆರಡು ಮಾತು ಕೊಡುತ್ತದೆ. ದಿನಾ ಆಡುವ ಮಾತುಗಳೇ. ಫೋನು ಬಾವಿಗೆ ಬಿದ್ದರೂ ಚಿಂತೆಯಿಲ್ಲ, ಆ ಹನ್ನೆರಡನ್ನು ಸಾಲಾಗಿ ಹೇಳಿದರೆ ಇನ್ನೊಂದು ಫೋನಿನಲ್ಲಿ ದುಡ್ಡು ಸಿಗುತ್ತದೆ. ಯಾರು ಹೇಳಿದರೂ ಸಿಗುತ್ತದೆ ಎನ್ನುವುದೇ ಅದರ ತೊಂದರೆ. ಆ ಸಾಲು ಬೇರೆಯವರ ಪಾಲಾದರೆ, ಅವರು ಅದನ್ನು ಬಳಸಿದ ಗಳಿಗೆಗೆ ದುಡ್ಡು ಹೋಗುವುದಂತೂ ಹೋಯಿತು, ಅದರ ಜೊತೆಗೆ ಆ ಹನ್ನೆರಡು ಮಾತುಗಳೂ ಕೊಟ್ಟವನ ಬಾಯಿಂದ ಹೋಗುತ್ತವೆ. ಕಿವಿಗೆ ಕೇಳುತ್ತವೆ, ಅರ್ಥವೂ ಆಗುತ್ತವೆ. ನಾಲಿಗೆಗೆ ಬರುವುದಿಲ್ಲ, ಬರೆಯಲು ಕೂತರೆ ಕೈಗೂ ಬರುವುದಿಲ್ಲ. ಹಾಗಾಗಿ ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗಳಿಗೆ ಹೇಳುವುದಿಲ್ಲ. ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ, ಎಲ್ಲಿಟ್ಟಿದ್ದೇವೆ ಎನ್ನುವುದನ್ನು ಸಾಯುವ ಕಾಲಕ್ಕೆ ಒಬ್ಬರಿಗೆ ಹೇಳುತ್ತೇವೆ. ಸಾಯುವವರಿಗೆ ಮಾತು ಹೋದರೆ ನಷ್ಟವಿಲ್ಲ.

ನಮ್ಮೂರ ಕಸುಬು ರತ್ನಗಂಬಳಿ. ಮಗ್ಗದ ಮನೆ ಒಂದು, ಮಗ್ಗ ಆರು, ನೇಯುವವರು ಇಪ್ಪತ್ತೆರಡು ಮಂದಿ. ನೇಯುವವರು ನಕ್ಷೆ ನೋಡುವುದಿಲ್ಲ. ನಕ್ಷೆ ನೋಡುವವರು ಊರಿಗೆ ಒಬ್ಬರೇ. ಅವರು ಎತ್ತರದ ಮಣೆಯ ಮೇಲೆ ಕೂತು, ಕಾಗದದ ಮೇಲಿನ ಚುಕ್ಕಿಗಳನ್ನು ಎಣಿಸುತ್ತಾ, ಎರಡು ಕೆಂಪು, ಒಂದು ಬಿಳಿ, ನಾಲ್ಕು ಹಸಿರು ಎಂದು ಕೂಗುತ್ತಾರೆ. ನೇಯುವವರು ಅದನ್ನು ತಿರುಗಿ ಹೇಳಿ ಗಂಟು ಹಾಕುತ್ತಾರೆ. ಕೂಗು ಕಿವಿಯಿಂದ ನೇರವಾಗಿ ಬೆರಳಿಗೆ ಹೋಗಬೇಕು. ನಡುವೆ ಯೋಚನೆ ಬಂದರೆ ಗಂಟು ಸಡಿಲವಾಗುತ್ತದೆ. ಆ ಮಣೆಯ ಮೇಲೆ ನಾನು ಮೂವತ್ತನಾಲ್ಕು ವರ್ಷ ಕೂತಿದ್ದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಓಬಳಯ್ಯ. ಅಕ್ಷರ ಕೂಡಿಸಿ ಕೂಡಿಸಿ ಓದುವವನಿಗೆ ಚುಕ್ಕಿ ಎಣಿಸುವುದು ಒಗ್ಗಿತ್ತು.

ಕೂಗಿನಲ್ಲಿ ತಪ್ಪು ಬಂದರೆ ಯಾರು ಬೇಕಾದರೂ ತಿದ್ದಬಹುದು. ತಿದ್ದಲೇಬೇಕು ಎಂದರೂ ಸರಿ. ಒಂದು ತಪ್ಪು ಗಂಟು ಒಳಗೆ ಸೇರಿಕೊಂಡರೆ ಅದರ ಮೇಲಿನ ಹೂವೆಲ್ಲ ವಾಲುತ್ತದೆ, ಬಿಚ್ಚಲು ಮೂರು ದಿನ. ಹೀಗಾಗಿ ತಪ್ಪು ಸಾಲು ಕಿವಿಗೆ ಬಿದ್ದರೆ ನಮ್ಮೂರವರ ಬಾಯಿ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲಿ ಸೋಬಾನೆ ಹಾಡುವವಳು ಒಂದು ಸಾಲು ಹಿಂದುಮುಂದು ಮಾಡಿದರೆ ಅಡುಗೆ ಮನೆಯಿಂದ ನಾಲ್ಕು ದನಿ ತಿದ್ದುತ್ತವೆ. ಹಾಡುವವಳು ಬೇಜಾರು ಮಾಡಿಕೊಳ್ಳುವುದಿಲ್ಲ. ತಿದ್ದದೆ ಬಿಟ್ಟರೆ ಬೇಜಾರು.

ನನ್ನ ಮಾತು ಹೋದದ್ದು ತಿದ್ದಲು ಹೋಗಿ ಅಲ್ಲ, ಬೇರೆ ಕಾರಣಕ್ಕೆ. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಹನ್ನೆರಡು ಮಾತು ಕದಿಯುವ ಮೇಲ್ ಊರಿಗೆ ಬಂದಾಗ ಅದು ನನ್ನ ಫೋನಿಗೇ ಬಂತು. ನಿಮ್ಮ ವಾಲೆಟ್ಟಿನಲ್ಲಿ ದೋಷ ಕಂಡಿದೆ, ಸಂಜೆಯೊಳಗೆ ಹನ್ನೆರಡು ಮಾತು ಬರೆದು ಕಳಿಸಿ, ಇಲ್ಲದಿದ್ದರೆ ಮುಚ್ಚುತ್ತೇವೆ ಎಂದಿತ್ತು. ಮೇಲೆ ವಾಲೆಟ್ಟಿನ ಗುರುತು ಇತ್ತು, ಕೆಳಗೆ ಯಾರದೋ ಸಹಿ. ಕಾಗದದಲ್ಲಿ ಬರೆದದ್ದನ್ನು ಎರಡು ಮಾತಿಲ್ಲದೆ ಒಪ್ಪಿಸುವುದೇ ಮೂವತ್ತನಾಲ್ಕು ವರ್ಷ ನಾನು ಮಾಡಿದ್ದ ಕೆಲಸ. ಒಪ್ಪಿಸಿದೆ. ಮಾರನೆಯ ಬೆಳಿಗ್ಗೆ ಮಣೆಯ ಮೇಲೆ ಕೂತು ಮೂರು ಬಿಳಿ, ಎರಡು ಕೆಂಪು ಎಂದೆ. ಮುಂದಿನ ಚುಕ್ಕಿ ಆಕಾಶದ ಬಣ್ಣದ್ದು. ಬಾಯಿ ತೆರೆದೆ. ಅಷ್ಟೇ. ಇಪ್ಪತ್ತೆರಡು ಮಂದಿ ಕತ್ತೆತ್ತಿ ನನ್ನನ್ನು ನೋಡಿದರು. ಆಕಾಶದ್ದು ಎಂದು ಕೂಗಿ ನೋಡಿದೆ, ನವಿಲಿನದು ಎಂದು ನೋಡಿದೆ. ಪ್ರತಿ ಸಲವೂ ಅವರು ಅರೆಗಳಿಗೆ ಯೋಚಿಸಿದರು, ಗಂಟು ಸಡಿಲವಾಯಿತು. ನಾಲ್ಕನೇ ದಿನ ಮಣೆಯಿಂದ ಇಳಿದು ಸಣ್ಣೀರಮ್ಮನನ್ನು ಕೂರಿಸಿದೆ.

ಸಣ್ಣೀರಮ್ಮ, ನಾವು ಸಣ್ಣೀರಿ ಎನ್ನುವವಳು, ನನಗೆ ಬಂಧುವಲ್ಲ. ಹದಿನಾರು ವರ್ಷದವಳಿದ್ದಾಗ ಮಗ್ಗದ ಮನೆಯ ಕಸ ಗುಡಿಸಲು ಬಂದವಳು. ಗುಡಿಸುತ್ತಾ ಗುಡಿಸುತ್ತಾ ಒಂದು ದಿನ, ದೊಡ್ಡಯ್ಯ, ಐದು ಅಲ್ಲ, ಆರು ಹಸಿರು ಎಂದಳು. ನಾನು ನಕ್ಷೆ ನೋಡಿದೆ. ಆರೇ ಇತ್ತು. ಅವತ್ತೇ ಪೊರಕೆ ಕೆಳಗಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ನಕ್ಷೆ ಕಲಿಯಲು ಆರು ವರ್ಷ ಬೇಕು, ಅವಳಿಗೆ ನಾಲ್ಕು ಸಾಕಾಯಿತು. ನಾನು ಹೇಳಿಕೊಟ್ಟದ್ದರಲ್ಲಿ ಅವಳು ಗಟ್ಟಿಯಾಗಿ ಹಿಡಿದದ್ದು ಒಂದೇ: ತಪ್ಪು ಕಂಡರೆ ಸುಮ್ಮನಿರಬೇಡ, ನಾನೇ ತಪ್ಪಿದರೂ ಬಿಡಬೇಡ. ಕಂಚಿನಂಥ ಗಂಟಲು ಅವಳದು. ನಲವತ್ತೈದಾದರೂ ಮದುವೆಯ ಮಾತೆತ್ತಿದವರನ್ನು ತಮಾಷೆ ಮಾಡಿ ಕಳಿಸುತ್ತಿದ್ದಳು. ತಮ್ಮನ ಮನೆಯಲ್ಲಿದ್ದಳು. ದಿನವಿಡೀ ಕೂಗಿ ಬಂದು ಒಂದು ಲೋಟ ಬಿಸಿನೀರು ಕಾಯಿಸಿಕೊಳ್ಳಲು ನಾದಿನಿಯ ಮುಖ ನೋಡಬೇಕು ದೊಡ್ಡಯ್ಯ ಎನ್ನುತ್ತಿದ್ದಳು. ಮಗ್ಗದ ಮನೆಯ ಹಿಂದಿನ ಎರಡು ಕೋಣೆಯನ್ನು ಕೊಳ್ಳಬೇಕು, ಅಲ್ಲಿ ತನ್ನದೇ ಒಂದು ಒಲೆ ಹೂಡಬೇಕು ಎಂದು ಒಂಬತ್ತು ವರ್ಷದ ಕೂಲಿಯನ್ನು ವಾಲೆಟ್ಟಿನಲ್ಲಿ ಬಿಟ್ಟಿದ್ದಳು.

ಮಣೆ ಇಳಿದ ಮೇಲೆ ನಾನು ನಮ್ಮ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದೆ. ಜನ ಫೋನು ಹಿಡಿದು ಬರತೊಡಗಿದರು. ಕೆಟ್ಟವನಿಗೇ ಗೊತ್ತಿರುತ್ತದೆ ಎಂದು ಅವರ ಲೆಕ್ಕವಿರಬೇಕು. ನಾನು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಿದ್ದೆ, ಮತ್ತೆ ಓದುತ್ತಿದ್ದೆ. ಸರಸರ ಓದುವವರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಸುಳ್ಳು ಕಾಗದಕ್ಕೆ ಯಾವಾಗಲೂ ಆತುರ. ಸಂಜೆಯೊಳಗೆ, ಗಂಟೆಯೊಳಗೆ, ಈಗಲೇ. ನಿಜವಾದ ಕೆಲಸದವರಿಗೆ ಅಷ್ಟು ಆತುರ ಇರುವುದನ್ನು ನಾನಂತೂ ಕಂಡಿಲ್ಲ. ಅದಕ್ಕೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ಪ್ರಿಯ ಗ್ರಾಹಕರೇ ಎನ್ನುತ್ತದೆ. ಒಂದೋ ಹೆದರಿಸುತ್ತದೆ, ಇಲ್ಲವೇ ಕೇಳದ ನಾಣ್ಯವನ್ನು ಉಡುಗೊರೆ ಕೊಡುತ್ತೇನೆ ಎನ್ನುತ್ತದೆ. ಮೇಲೆ ಕಾಣುವ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದರೆ ಒಳಗೆ ಬೇರೊಂದು ವಿಳಾಸ ಇರುತ್ತದೆ. ಒತ್ತಿ ಎಂದು ಕೊಟ್ಟ ಲಿಂಕು ಹೇಳುವುದೊಂದು ಕಡೆ, ಹೋಗುವುದೊಂದು ಕಡೆ. ಎಷ್ಟೋ ಸಲ ಕಾಗದ ಬಂದವನಿಗೆ ಆ ಕಂಪನಿಯ ವಾಲೆಟ್ಟೇ ಇರುವುದಿಲ್ಲ. ಇಷ್ಟನ್ನು ಹೇಳಿಕೊಟ್ಟೆ, ಜನ ಕಲಿತರು.

ಕಾಗದ ಬರೆಯುವವರೂ ಕಲಿತರು. ಒರಟು ಕನ್ನಡ ಕಂಡರೆ ನಂಬಬೇಡಿ ಎಂದು ನಾನು ಹೇಳಿದ ಮೂರು ತಿಂಗಳಿಗೆ ಒಳ್ಳೆಯ ಕನ್ನಡದಲ್ಲಿ ಬಂದವು. ಹೆಸರಿಲ್ಲದ್ದನ್ನು ನಂಬಬೇಡಿ ಎಂದೆ. ಹೆಸರು, ಅಪ್ಪನ ಹೆಸರು, ಬೀದಿಯ ಹೆಸರು ಸೇರಿಸಿ ಬಂದವು. ವಾಲೆಟ್ಟಿನ ಹೊಸ ಆವೃತ್ತಿ ಎಂದು ಬಂದವು, ಕಳ್ಳರಿಂದ ಎಚ್ಚರ ಎಂದೇ ಬಂದವು. ನನ್ನ ಹೆಂಡತಿ ಹೊನ್ನಮ್ಮ ಒಂದು ದಿನ ಮೊಸರು ಕಡೆಯುತ್ತಾ, ನೀವು ಇಲ್ಲಿ ಹೊಲಿಯೋದು ಅವರು ಅಲ್ಲಿ ಹರಿಯೋದು, ಯಾವತ್ತಿಗೆ ಮುಗಿಯೋದು ಎಂದಳು. ಬೆಳಿಗ್ಗೆ ಎದ್ದರೆ ಬೆಂಚಿನ ಮೇಲೆ ಆಗಲೇ ಇಬ್ಬರು ಕೂತಿರುತ್ತಿದ್ದರು. ಮಂಡಿ ಹಿಡಿದುಕೊಂಡು ಹೋಗಿ ಕೂರುತ್ತಿದ್ದೆ.

ಹೋದ ವರ್ಷ ನೇಕಾರರ ಸಂಘದವರು ನಾನು ಹೇಳಿದ್ದನ್ನೆಲ್ಲ ಗುಮಾಸ್ತನ ಕೈಲಿ ಒಂದು ಹಾಳೆಗೆ ಬರೆಸಿ ಎಲ್ಲರ ಫೋನಿಗೂ ಕಳಿಸಿದರು. ಒಳ್ಳೆಯ ಕೆಲಸವೇ. ಹನ್ನೆರಡು ಮಾತನ್ನು ಯಾರೂ ಕೇಳುವಂತಿಲ್ಲ ಎನ್ನುವುದು ಎಲ್ಲೋ ಒಂಬತ್ತನೆಯದೋ ಹತ್ತನೆಯದೋ ಆಗಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ ಎಂದು ನಾನೇ ಕೆಳಗೆ ಹಾಕಿಸಿದ್ದೆ. ಕಟ್ಟಕಡೆಗೆ ಗುಮಾಸ್ತ, ಅನುಮಾನ ಬಂದರೆ ಓಬಳಯ್ಯನಿಗೆ ತೋರಿಸಿ ಎಂದು ಸೇರಿಸಿದ. ಓದಿ ಹೇಳಿದಾಗ ನಾನು ಬೇಡ ಎನ್ನಲಿಲ್ಲ. ಮಣೆ ಹೋದವನಿಗೆ ಅಷ್ಟಾದರೂ ಇರಲಿ ಅನ್ನಿಸಿತ್ತು. ಆ ಹಾಳೆ ಎಲ್ಲರ ಫೋನಿಗೂ ಹೋಯಿತು. ಎಲ್ಲರ ಎಂದರೆ, ಯಾರಿಗೆ ಹೋಗಬಾರದಿತ್ತೋ ಅವರಿಗೂ.

ಆ ದಿನ ಬುಧವಾರ. ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು. ದಾಸಪ್ಪ ಬಂದು ಪಕ್ಕದಲ್ಲಿ ಕೂತ. ಮೂರನೇ ಮಗ್ಗದವನು, ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಬೆರಳು ದಪ್ಪ, ಗಂಟು ಹಾಕಲು ಊರಿಗೇ ಗಟ್ಟಿಗ, ಫೋನಿನಲ್ಲಿ ಒಂದಕ್ಷರ ಒತ್ತಲು ಬರುವುದಿಲ್ಲ. ಅವತ್ತು ಸೊಂಟ ಹಿಡಿದಿದೆ ಎಂದು ಕೆಲಸಕ್ಕೆ ಹೋಗಿರಲಿಲ್ಲ.

"ಅಣ್ಣ, ನಿನ್ನ ಕಾಗದ ಬಂತು," ಎಂದ. "ಓದಿಸ್ದೆ. ಬೇಜಾರು ಮಾಡ್ಕಾಬ್ಯಾಡ, ನಿನ್ನ ಕಣ್ಣು ಪೂರ್ತಿ ಹೋಗೈತೆ."

ಯಾವ ಕಾಗದ ಎಂದೆ.

"ಅದೇ, ಎಲ್ಲರ ಸಾಲೂ ಸರಿಯಾಗೈತಾ ನೋಡ್ತಿದ್ದೀನಿ ಅಂದಿದ್ದೀಯಲ್ಲ. ಹನ್ನೆರಡರಲ್ಲಿ ಒಂದೂ ಸರಿಯಿಲ್ಲ ಕಣಣ್ಣ. ಯಾರದ್ದೋ ಸಾಲು ನನಗೆ ಕಳ್ಸಿದ್ದೀಯ. ತಿದ್ದಿ ಬರೆಯೋಕೆ ನನಗೆಲ್ಲಿ ಬರ್ತೈತೆ, ಅದ್ಕೇ ಬಾಯಲ್ಲೇ ಹೇಳಾನ ಅಂತ ಬಂದೆ. ಬರ್ಕೋ. ನಂದು ಮೊದಲ್ನೇದು—"

ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿದೆ. ಅರವತ್ತೈದು ದಾಟಿದ ಗಂಡಸಿನ ಬಾಯನ್ನು ಹಾಗೆ ಮುಚ್ಚಿದ್ದು ಅದೇ ಮೊದಲು. ಅವನು ಕಣ್ಣು ಅಗಲಿಸಿ ನೋಡಿದ. ಫೋನು ಕೊಡು ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದೆ.

ಕಾಗದ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು. ಚಿರಂಜೀವಿ ದಾಸಪ್ಪನಿಗೆ ಓಬಳಯ್ಯ ಮಾಡುವ ಆಶೀರ್ವಾದ ಎಂದು ಶುರುವಾಗಿತ್ತು. ಈಗೀಗ ಕಳ್ಳರು ಹೆಚ್ಚಾಗಿರುವುದರಿಂದ ಊರಿನವರ ಸಾಲುಗಳನ್ನು ನಾನು ಒಮ್ಮೆ ಕಣ್ಣಾಡಿಸುತ್ತಿದ್ದೇನೆ, ನಿನ್ನದು ನನ್ನ ಹತ್ತಿರ ಹೀಗಿದೆ, ತಪ್ಪಿದ್ದರೆ ತಿದ್ದಿಕೊಡು, ಆತುರವೇನಿಲ್ಲ, ಬಿಡುವಾದಾಗ ಸಾಕು. ಕೆಳಗೆ ಹನ್ನೆರಡು ಮಾತು. ಆತುರವಿರಲಿಲ್ಲ, ಲಿಂಕು ಇರಲಿಲ್ಲ, ಹೆದರಿಕೆ ಇರಲಿಲ್ಲ, ಉಡುಗೊರೆ ಇರಲಿಲ್ಲ, ಹೆಸರು ಸರಿಯಾಗಿತ್ತು. ನಾನು ಹೇಳಿಕೊಟ್ಟಿದ್ದ ಒಂದೊಂದು ಗುರುತನ್ನೂ ಯಾರೋ ಕೂತು, ನನ್ನಷ್ಟೇ ತಾಳ್ಮೆಯಿಂದ, ತೆಗೆದುಹಾಕಿದ್ದರು. ಓಬಳಯ್ಯ ಎನ್ನುವ ಹೆಸರಿನ ಮೇಲೆ ಒತ್ತಿದೆ. ಒಳಗೆ ನನ್ನದಲ್ಲದ ಯಾವುದೋ ವಿಳಾಸ. ಆ ಹನ್ನೆರಡು ಮಾತುಗಳಲ್ಲಿ ಎರಡು ನನಗೆ ಹೋದ ಮಾತುಗಳೇ, ಕಣ್ಣಿಗೆ ಕಂಡವು, ಬಾಯಿಗೆ ಬರಲಿಲ್ಲ. ನಾನು ಬರೆಯಲಾರದ ಮಾತು ನನ್ನ ಹೆಸರಿನ ಕಾಗದದಲ್ಲಿತ್ತು. ಅದನ್ನು ಗಮನಿಸಲು ಊರಿನಲ್ಲಿ ಇನ್ನು ಯಾರಿಗೆ ಪುರುಸೊತ್ತಿದ್ದೀತು.

ತಪ್ಪು ಸಾಲು ತೋರಿಸಿದರೆ ನಮ್ಮವರು ಸುಮ್ಮನಿರುವುದಿಲ್ಲ ಎನ್ನುವುದು ಅವರಿಗೆ ಹೇಗೆ ಗೊತ್ತಾಯಿತೋ. ಬೇರೆ ಊರಿನಲ್ಲಾದರೆ ಆ ಕಾಗದ ನೋಡಿ, ನನ್ನದಲ್ಲ ಎಂದು ಬಿಸಾಕುತ್ತಿದ್ದರು.

ದಾಸಪ್ಪನಿಗೆ ಹೇಳಿದೆ, ಮನೆಮನೆಗೆ ಹೋಗು, ಓಬಳಯ್ಯ ಯಾರಿಗೂ ಕಾಗದ ಬರೆದಿಲ್ಲ ಅನ್ನು ಎಂದು. ಅವನು ಸೊಂಟ ಮರೆತು ಹೋದ. ನಾನು ಮಗ್ಗದ ಮನೆಯ ಕಡೆ ಹೊರಟೆ. ಫೋನು ಮಾಡಬಹುದಿತ್ತು. ಆದರೆ ಕೂಗುವಾಗ ಫೋನು ತೆಗೆಯಬಾರದೆಂದು ಕಟ್ಟು ಮಾಡಿದವನೇ ನಾನು. ಬೆಂಚಿನಿಂದ ಮಗ್ಗದ ಮನೆಗೆ ಮೊದಲು ಹತ್ತು ನಿಮಿಷದ ದಾರಿ, ಈಗ ಅರ್ಧ ಗಂಟೆ. ಬಾವಿಕಟ್ಟೆಯ ಹತ್ತಿರ ಒಮ್ಮೆ ಕೂತೆ. ಉಳಿದವರ ಯೋಚನೆ ಇರಲಿಲ್ಲ ಎಂದರೆ ತಪ್ಪಾಗುತ್ತದೆ, ಇತ್ತು. ಆದರೆ ಕಾಲು ಎಳೆಯುತ್ತಿದ್ದದ್ದು ಸಣ್ಣೀರಿಯೊಬ್ಬಳ ಕಡೆಗೆ. ಮಗ್ಗದಲ್ಲಿ ದೊಡ್ಡ ಗಂಬಳಿ ಅರ್ಧಕ್ಕೆ ನಿಂತಿತ್ತು, ಯಾವುದೋ ಸಭಾಭವನಕ್ಕೆ ಒಪ್ಪಿಕೊಂಡದ್ದು. ಅವಳ ನಾಲಿಗೆಯಿಂದ ಒಂದು ಬಣ್ಣ ಹೋದರೂ ಇಪ್ಪತ್ತೆರಡು ಮಂದಿಯ ಕೈ ನಿಲ್ಲುತ್ತದೆ. ಕೂಗಲು ಇನ್ನೊಬ್ಬರಿಲ್ಲ.

ತಿರುವಿನಲ್ಲಿ ಅವಳ ದನಿ ಕೇಳಿಸಿತು. ಎರಡು ಕಪ್ಪು, ಮೂರು ಬಿಳಿ. ಒಳಗಿನಿಂದ ಎಲ್ಲರೂ ತಿರುಗಿ ಹೇಳಿದ್ದೂ ಕೇಳಿಸಿತು. ನಾಲ್ಕು ಹಸಿರು. ಮತ್ತೆ ಎರಡು ಕಪ್ಪು. ಗೋಡೆಗೆ ಕೈ ಕೊಟ್ಟು ನಿಂತು, ಸದ್ಯ, ಕಾಗದ ಇವಳಿಗೆ ಮುಟ್ಟಿಲ್ಲ ಎಂದುಕೊಂಡೆ. ಒಂದು ಬಿಳಿ ಎಂದಳು. ಆಮೇಲೆ ಏನೂ ಕೇಳಲಿಲ್ಲ.

ಆ ನಕ್ಷೆ ನನಗೆ ಬಾಯಿಪಾಠ. ಒಂದು ಬಿಳಿ ಆದ ಮೇಲೆ ಐದು ಕೆಂಪು.

ಒಳಗೆ ಹೋದೆ. ಅವಳು ಮಣೆಯ ಮೇಲೆ ಬಾಯಿ ಅರ್ಧ ತೆರೆದು ಕೂತಿದ್ದಳು, ಬೆರಳು ಚುಕ್ಕಿಯ ಮೇಲೆಯೇ ಇತ್ತು. ಇಪ್ಪತ್ತೊಂದು ಮಂದಿ ಕತ್ತೆತ್ತಿ ನೋಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ನನ್ನನ್ನು ನೋಡಿದ್ದೂ ಹಾಗೆಯೇ. ನನ್ನನ್ನು ಕಂಡು ಅವಳಿಗೆ ಅರ್ಥವಾಯಿತು. ಕೆಳಗಿಳಿದು ಬಂದಳು. ನಾವಿಬ್ಬರೂ ಹಿಂದಿನ ಕೋಣೆಗಳ ಜಗುಲಿಯ ಮೇಲೆ ಕೂತೆವು. ಅವಳು ಕೊಳ್ಳಬೇಕೆಂದಿದ್ದ ಕೋಣೆಗಳು ಅವೇ.

"ಯಾವಾಗ ಕಳಿಸ್ದೆ ಮಗ?"

"ಬೆಳಿಗ್ಗೆ. ಕೂರೋಕೆ ಮುಂಚೆ."

"ಹೆಸರಿನ ಮೇಲೆ ಒತ್ತಿ ನೋಡ್ಲಿಲ್ವ? ಒಳಗಿನ ವಿಳಾಸ?"

"ನಿನ್ನ ಹೆಸರಿನ ಮೇಲಾ?" ಎಂದಳು. "ಬೇರೆಯೋರದ್ದಾಗಿದ್ರೆ ಒತ್ತುತಿದ್ದೆ. ನಿನ್ನ ಹೆಸರು ಒತ್ತಿ ನೋಡೋದು ನಿನ್ನ ಜೇಬಿಗೆ ಕೈ ಹಾಕ್ದಂಗೆ ಅನ್ನಿಸ್ತು ದೊಡ್ಡಯ್ಯ."

ಅವಳು ಜಗುಲಿಯ ಮೇಲಿನ ನೂಲಿನ ಚೂರು ಹೆಕ್ಕುತ್ತಾ ಮುಂದುವರಿಸಿದಳು.

"ಪೂರ್ತಿ ತಪ್ಪಿತ್ತು. ವಯಸ್ಸಾಯ್ತು, ಕಣ್ಣು ಕಾಣ್ತಿಲ್ಲ, ಹಿಂಗೇ ಎಲ್ಲರಿಗೂ ಕಳ್ಸಿದ್ರೆ ಜನ ನಗ್ತಾರೆ ಅಂದ್ಕೊಂಡೆ. ಯಾರಿಗೂ ಗೊತ್ತಾಗೋದು ಬ್ಯಾಡ, ನಾನೇ ಗುಟ್ಟಾಗಿ ತಿದ್ದಿ ಕಳ್ಸಿಬಿಡಾನ ಅಂತ. ತಪ್ಪು ಕಂಡ್ರೆ ಸುಮ್ನಿರಬ್ಯಾಡ ಅಂತ ನೀನೇ ಅಲ್ವ ಕಲಿಸಿದ್ದು."

ಹೌದು, ನಾನೇ. ನನ್ನ ಮರ್ಯಾದೆ ಉಳಿಸಲು ಹೋಗಿ ಅವಳು ಒಂಬತ್ತು ವರ್ಷದ ಒಲೆ ಕಳೆದುಕೊಂಡಿದ್ದಳು. ಅಳಲಿಲ್ಲ. ಫೋನು ತೆಗೆದು ವಾಲೆಟ್ಟು ನೋಡಿದಳು, ಖಾಲಿಯಾಗಿದ್ದುದನ್ನು ನನಗೂ ತೋರಿಸಿದಳು, ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡಳು. ಆ ಕೋಣೆಯ ಬಾಗಿಲಿನ ಚಿಲಕವನ್ನು ಒಮ್ಮೆ ಎತ್ತಿ ಬಿಟ್ಟಳು, ಅದು ಸದ್ದು ಮಾಡಿತು. ಅಷ್ಟೇ.

ಏಳು ಜನ ಕಳಿಸಿದ್ದರು. ದಾಸಪ್ಪ ಓಡಾಡಿದ್ದರಿಂದ ಉಳಿದವರು ಉಳಿದರು. ಯಾರು ಯಾವ ಮಾತು ಕಳೆದುಕೊಂಡರು ಎನ್ನುವುದು ಒಂದೊಂದಾಗಿ ಗೊತ್ತಾಯಿತು. ಸಣ್ಣೀರಿಗೆ ಕೆಂಪು ಹೋಗಿತ್ತು, ಹಾಲು ಹೋಗಿತ್ತು, ಕೊಡೆ, ಗಾಳಿ ಹೋಗಿದ್ದವು. ನಾಳೆ ಹೋಗಿತ್ತು. ಇವತ್ತು ಕಳೆದ ಮೇಲೆ ಎನ್ನುತ್ತಿದ್ದಳು, ಕೇಳಿದವರು ಹೂಂ ಎನ್ನುತ್ತಿದ್ದರು. ಕಾಂತಯ್ಯ ಹಲಗೆಗೆ ಆರು ಹೊಸ ಚಿತ್ರ ಬರೆಸಿದ. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಸಂಘಕ್ಕೆ ಹೋಗಿ ಗುಮಾಸ್ತನನ್ನು ಕೂರಿಸಿಕೊಂಡು ಹೊಸ ಹಾಳೆ ಬರೆಸಿದೆ. ಹಳೆಯದರಲ್ಲಿ ಹದಿನಾಲ್ಕು ಸಾಲಿತ್ತು, ಇದಕ್ಕೆ ಎರಡೇ. ಹನ್ನೆರಡು ಮಾತು ಕೇಳಿದವನು ಕಳ್ಳ. ಓಬಳಯ್ಯ ಕೇಳಿದರೆ ಓಬಳಯ್ಯನೂ ಕಳ್ಳ. ಗುಮಾಸ್ತ ಪೆನ್ನು ಹಿಡಿದು ಕೂತ, ಎರಡನೆಯದು ಬೇಡ ಅಜ್ಜ, ಚೆನ್ನಾಗಿರೋದಿಲ್ಲ ಎಂದ. ಬರಿಯಪ್ಪ ಎಂದೆ. ಕೆಟ್ಟ ಕನ್ನಡ, ಒಳ್ಳೆ ಕನ್ನಡ, ಆತುರ, ನಿಧಾನ, ಇವೆಲ್ಲ ಅಂಗಿಗಳು, ಅವರು ದಿನಕ್ಕೊಂದು ಬದಲಾಯಿಸುತ್ತಾರೆ. ಕೊನೆಗೆ ಕೇಳುವುದು ಮಾತ್ರ ಅದೊಂದನ್ನೇ. ಅದನ್ನು ಮೊದಲೇ ಮೇಲೆ ಬರೆಸಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಗುಮಾಸ್ತ ಬರೆದ. ಅವತ್ತಿನಿಂದ ಬೆಂಚಿನ ಹತ್ತಿರ ಬಂದವರ ಫೋನನ್ನು ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ನೀನೇ ಓದು, ನಿಧಾನವಾಗಿ ಓದು, ಏನು ಕೇಳುತ್ತಿದ್ದಾರೆ ಅದನ್ನು ಮಾತ್ರ ಹುಡುಕು ಎನ್ನುತ್ತೇನೆ.

ಮಗ್ಗದ ಮನೆ ಒಂಬತ್ತು ದಿನ ಮುಚ್ಚಿತ್ತು. ಅರ್ಧ ಗಂಬಳಿ ಮಗ್ಗದಲ್ಲಿ ಹಾಗೆಯೇ ನಿಂತಿತ್ತು. ಹತ್ತನೆಯ ದಿನ ಬೆಳಿಗ್ಗೆ ಸಣ್ಣೀರಿ ನಮ್ಮ ಮನೆಗೆ ಬಂದಳು. ಹೊನ್ನಮ್ಮ ಕೊಟ್ಟ ಕಾಫಿ ಹಿಡಿದುಕೊಂಡು ಬಾಗಿಲಲ್ಲೇ ಕೂತಳು.

"ದೊಡ್ಡಯ್ಯ, ರಕ್ತದ ಬಣ್ಣ ನಿನ್ನ ಹತ್ರ ಐತಲ್ಲ?"

ಇದೆ ಎಂದೆ.

"ನವಿಲಿಂದು ನನ್ನ ಹತ್ರ ಐತೆ."

ನನಗೆ ಮಂಡಿ ನೋವು, ಮಣೆ ಹತ್ತಲಾರೆ, ಗಂಟಲು ಹೋಗಿದೆ, ಇಪ್ಪತ್ತೆರಡು ಮಂದಿಗೆ ಕೇಳಿಸುವುದಿಲ್ಲ ಎಂದೆ. ಎಲ್ಲವೂ ನಿಜವೇ. ಅವಳು ಕಾಫಿ ಕುಡಿಯುತ್ತಾ ಕೇಳಿಸಿಕೊಂಡಳು. ಲೋಟ ಕೆಳಗಿಟ್ಟು, ಮಣೆ ಗಿಡ್ಡ ಮಾಡಿಸೀನಿ, ಬಡಗಿ ಇವತ್ತು ಕಳೆದ ಮೇಲೆ ತಂದುಕೊಡ್ತಾನೆ ಎಂದಳು. ಹೊನ್ನಮ್ಮ ಒಳಗಿನಿಂದ, ಹೋಗಿ, ಬೆಂಚಿನ ಮೇಲೆ ಕೂತು ಕೂತು ಬೆಂಚಿಗೂ ಸಾಕಾಗೈತೆ ಎಂದಳು.

ಹೋದೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಮತ್ತೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವುದು ಏನೂ ಸಂತೋಷದ ವಿಷಯವಲ್ಲ. ಅಗಲವಾದ ಗಿಡ್ಡ ಮಣೆಯ ಮೇಲೆ ಇಬ್ಬರೂ ಕೂರುತ್ತೇವೆ, ನಡುವೆ ನಕ್ಷೆ. ಅವಳೇ ಕೂಗುತ್ತಾಳೆ. ಕೆಂಪು ಬಂದ ಕಡೆ ಅವಳು ಎಣಿಕೆ ಹೇಳಿ ಉಸಿರು ತೆಗೆದುಕೊಳ್ಳುತ್ತಾಳೆ, ನಾನು ಬಣ್ಣ ಹೇಳುತ್ತೇನೆ. ಮೊದಲ ವಾರ ನನ್ನ ದನಿ ಬಂದಾಗಲೆಲ್ಲ ನೇಯುವವರ ಕೈ ತಡೆಯುತ್ತಿತ್ತು. ಎರಡನೆಯ ವಾರ ಕಿವಿ ಒಗ್ಗಿತು. ಮಧ್ಯಾಹ್ನದ ಹೊತ್ತಿಗೆ ನನಗೆ ಗಂಟಲು ಕಟ್ಟುತ್ತದೆ. ಸಣ್ಣೀರಿ ಈಗಲೂ ತಮ್ಮನ ಮನೆಯಲ್ಲೇ ಇದ್ದಾಳೆ. ಹೊಸ ವಾಲೆಟ್ಟು, ಹೊಸ ಹನ್ನೆರಡು ಮಾತು, ಮೊದಲಿನಿಂದ. ಹಿಂದಿನ ಕೋಣೆಗಳು ಖಾಲಿಯೇ ಇವೆ, ಬೇರೆ ಯಾರೂ ಕೇಳಿಲ್ಲ. ಮಧ್ಯಾಹ್ನ ಆ ಜಗುಲಿಯ ಮೇಲೆ ಮೂರು ಕಲ್ಲಿಟ್ಟು ನೀರು ಕಾಯಿಸಿ ನನಗೂ ಒಂದು ಲೋಟ ಕೊಡುತ್ತಾಳೆ. ಯಾರಾದರೂ ಬೇಡ ಎಂದಾರು ಎಂದು ನೋಡಿದೆವು. ಯಾರೂ ಅನ್ನಲಿಲ್ಲ.

ಒಂದು ಮಾತು ಮಾತ್ರ ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಇಲ್ಲ. ಹೂವು ಬಳ್ಳಿ ಎಲ್ಲ ಮುಗಿದು ಗಂಬಳಿಯ ಸುತ್ತ ಕೊನೆಗೆ ಒಂದು ಪಟ್ಟಿ ಬರುತ್ತದಲ್ಲ, ಅದರ ಹೆಸರು. ಅದನ್ನು ಕೂಗದೆ ಸಾಲು ಮುಗಿಯುವುದಿಲ್ಲ. ನನಗೆ ಹನ್ನೊಂದು ವರ್ಷದ ಹಿಂದೆ ಹೋದದ್ದು, ಅವಳಿಗೆ ಆ ಬುಧವಾರ. ಮೊದಲ ದಿನ ಆ ಚುಕ್ಕಿ ಬಂದಾಗ ನಾನು ಅವಳ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಿದಳು. ಕೆಳಗೆ ಬೆರಳುಗಳು ನಿಂತವು. ನಮ್ಮ ಕೂಗನ್ನು ತಿರುಗಿ ಹೇಳುವುದಷ್ಟೇ ಅವರ ರೂಢಿ, ಮೊದಲು ಹೇಳಿದ್ದು ಯಾವತ್ತೂ ಇಲ್ಲ. ಮೂರನೇ ಮಗ್ಗದಲ್ಲಿ ದಾಸಪ್ಪ ಕೆಮ್ಮಿದ. ಆಮೇಲೆ ಆ ಮಾತನ್ನು ಅವನೇ ಹೇಳಿದ, ಮೆಲ್ಲಗೆ, ತಲೆ ಎತ್ತದೆ. ಉಳಿದವರು ತಿರುಗಿ ಹೇಳಿ ಗಂಟು ಹಾಕಿದರು.

ಈಗ ಯಾರೂ ಕಾಯುವುದಿಲ್ಲ. ಸಾಲಿನ ಕೊನೆಗೆ ನಾವಿಬ್ಬರೂ ಬಾಯಿ ಮುಚ್ಚುತ್ತೇವೆ, ಇಪ್ಪತ್ತೆರಡು ಮಂದಿ ಒಟ್ಟಿಗೆ ಅದನ್ನು ಹೇಳುತ್ತಾರೆ. ನಾವು ಕೇಳಿಸಿಕೊಂಡು ಮುಂದಿನ ಚುಕ್ಕಿಗೆ ಬೆರಳಿಡುತ್ತೇವೆ.